ಇಂಜಿನ್ ಎಲ್ಲಿಂದ ಉಸಿರಾಡುತ್ತದೆ?

೧೯೯೮ರ ಬೇಸಿಗೆ. ನಮ್ಮ ಯಜಮಾನರು ತಿಪ್ಪೇಸ್ವಾಮಿ ಹೊಳಲ್ಕೆರೆಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಹೊಸದುರ್ಗದ ಡಾಕ್ಟರೊಬ್ಬರು ಸಾಕಾಗಿ ಮಾರಿದ್ದ ಹಳೇ ಅಂಬಾಸಿಡರ್ ಅದು. ಪೆಟ್ರೋಲ್ ಗಾಡಿಯಾದ್ದರಿಂದ ಇವರು ದುಡಿದದ್ದನ್ನೆಲ್ಲ ಅದೇ ಕುಡಿದುಬಿಡುತ್ತಿತ್ತು. ಮನೆಯಲ್ಲಿ ಕುಡುಕರಿಲ್ಲ ಎಂಬ ಕೊರತೆಯನ್ನು ಆ ಕಾರು ನೀಗಿಸಿತ್ತು.

ಅದರ ಹಿಂದಿನ ವರ್ಷ ಐಮಂಗಲದ ಹತ್ತಿರ ಹೈವೇಯಲ್ಲಿ ಮುಂದಿದ್ದ ಲಾರಿ ತಟ್ಟನೆ ನಿಂತು, ಇವರು ಹಿಂದಿನಿಂದ ಗುದ್ದಿ ಕಾಲು ಮುರಿದುಕೊಂಡಿದ್ದರು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಇವರು ಮಲಗಿದ್ದಷ್ಟು ದಿನವೂ ನಮ್ಮತ್ತೆ ವರಾಂಡದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದರು. ಕುರಿ ಕಾಯ್ದು ಬಾಳಿದ ಹೆಂಗಸು. ಅಳುವುದು, ಗೋಗರೆಯುವುದು ಅವರಿಗೆ ಗೊತ್ತಿರಲಿಲ್ಲ. ಸುಮ್ಮನೆ ಬಾಗಿಲು ನೋಡುತ್ತಿದ್ದರು, ಅಷ್ಟೇ.

ಕಾಲು ಸರಿಹೋದ ಮೇಲೆ ಚಿತ್ರದುರ್ಗದ ಮೆಕ್ಯಾನಿಕ್ ಬಾಬು ಸಾಬರು ಹಳೇ ವ್ಯಾನಿನ ಡೀಸೆಲ್ ಇಂಜಿನ್ ಒಂದನ್ನು ತಂದು ನಮ್ಮ ಕಾರಿಗೆ ಕೂರಿಸಿಕೊಟ್ಟರು. ಆಗ ಹಳೇ ಕಾರಿಟ್ಟುಕೊಂಡಿದ್ದ ಬಹಳ ಜನ ಹಾಗೆ ಮಾಡಿಸುತ್ತಿದ್ದರು. ಬೆಳಿಗ್ಗೆ ಇವರು ಸ್ಟಾರ್ಟ್ ಮಾಡಿದರೆ ನಮ್ಮ ಅಡುಗೆಮನೆಯ ಲೋಟಗಳು ತಾವಾಗಿಯೇ ಕುಣಿಯುತ್ತಿದ್ದವು. ಮನೆ ಮುಂದೆ ಕಾರು ನಿಲ್ಲಿಸಿ ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದೆವು. ಅತ್ತೆ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಾ, "ಇದು ಎಲ್ಲಿಂದ ಉಸಿರಾಡ್ತೈತಪ್ಪ?" ಎಂದು ಕೇಳಿದರು. ಮುದುಕಿಗೆ ಇದೆಲ್ಲ ಯಾಕೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಇವರು ಮಾತ್ರ ಏರ್ ಫಿಲ್ಟರಿನ ದುಂಡನೆ ಡಬ್ಬಿ ತೋರಿಸಿ, ಮೇಲಿನ ನಟ್ಟನ್ನು ಕೈಯಲ್ಲೇ ತಿರುಗಿಸಿ ತೆಗೆದು, ಗಾಳಿ ಹೋಗುವ ದಾರಿಯನ್ನೆಲ್ಲ ವಿವರಿಸಿದರು.

ಆಮೇಲೆ ಶುರುವಾಯಿತು ನೋಡಿ ನನ್ನ ಗೊಂದಲ. ಕಾರು ಕಪ್ಪಗೆ ಹೊಗೆ ಉಗುಳತೊಡಗಿತು. ನಾನು ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಮಸಿಬಟ್ಟೆಯಾಗಿರುತ್ತಿತ್ತು. ಅದೇ ಸಮಯಕ್ಕೆ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಮುಗಿದಿತ್ತು. ನನ್ನ ತವರು ಹಿರಿಯೂರು. ತಮ್ಮನ ಮಗುವಿನ ನಾಮಕರಣಕ್ಕೆ ಹೋಗುವಾಗ ಅಲ್ಲಿಯ ಬಂಕೊಂದರಲ್ಲಿ ನಿಲ್ಲಿಸಿದೆವು. ಈ ಹೊಗೆ ನೋಡಿ ನಮ್ಮನ್ನು ಓಡಿಸುತ್ತಾರೆಂದೇ ನಾನು ಹೂವಿನ ಬುಟ್ಟಿ ಹಿಡಿದು ಮುದುಡಿ ಕೂತಿದ್ದೆ. ತಪಾಸಣೆಯವನು ಆರ್‌ಸಿ ಪುಸ್ತಕ ನೋಡಿದ. ಅದರಲ್ಲಿ ಇನ್ನೂ ಪೆಟ್ರೋಲ್ ಎಂದೇ ಇತ್ತು. ಇಂಜಿನ್ ಒಂದೇ ಸಮ ಟಕಟಕ ಎನ್ನುತ್ತಿದ್ದರೂ ಅವನು ಪೆಟ್ರೋಲ್ ಗಾಡಿಗೆ ಹಾಕುವ ಕೊಳವೆಯನ್ನೇ ಸೈಲೆನ್ಸರಿಗೆ ತೂರಿಸಿದ. ಮೀಟರ್ ಅಲ್ಲಾಡಲೇ ಇಲ್ಲ.

"ಹೊಸ ಗಾಡಿಗೂ ಇಷ್ಟು ಚೆನ್ನಾಗಿ ಬರಲ್ಲ ಕಣಣ್ಣ" ಎಂದು ಸೀಲ್ ಒತ್ತಿ ಕೊಟ್ಟ.

ಇದು ಡೀಸೆಲ್ ಅಲ್ಲವೇನಪ್ಪ ಎಂದು ನಾನೇ ತಡೆಯಲಾರದೆ ಕೇಳಿದೆ. ಪುಸ್ತಕದಲ್ಲಿ ಏನಿದೆಯೋ ಅದಕ್ಕೆ ಟೆಸ್ಟ್ ಮಾಡುವುದು ತನ್ನ ಕೆಲಸ, ಶಬ್ದಕ್ಕಲ್ಲ ಎಂದ. ಡೀಸೆಲ್ ಇಂಜಿನ್ನಿನ ಹೊಗೆಯಲ್ಲಿ ಪೆಟ್ರೋಲ್ ಮೀಟರ್ ಹುಡುಕುವ ವಿಷ ಕಡಿಮೆ, ಅದು ಕರಿ ಮಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ ಎಂದು ಇವರು ದಾರಿಯಲ್ಲಿ ತಿಳಿಸಿ ಹೇಳಿದರು. ನನಗೆ ಅರ್ಥವಾಗಲಿಲ್ಲ. ಸರ್ಟಿಫಿಕೇಟ್ ನಂಬಬೇಕೋ ಪಂಚೆ ನಂಬಬೇಕೋ ತಿಳಿಯದೆ ನಾಮಕರಣದಲ್ಲಿ ಹೋಳಿಗೆಯೂ ಸರಿಯಾಗಿ ಸೇರಲಿಲ್ಲ.

ಕೆಲವು ತಿಂಗಳಾದ ಮೇಲೆ ಚಿತ್ರದುರ್ಗದ ಒಂದು ಆಫೀಸಿಗೆ ತಿಂಗಳ ಬಾಡಿಗೆಗೆ ಕಾರು ಬೇಕಾಗಿದೆ ಎಂದು ಗೊತ್ತಾಯಿತು. ಅದು ಸಿಕ್ಕರೆ ದಿನವೂ ಸ್ಟ್ಯಾಂಡಿನಲ್ಲಿ ಗಿರಾಕಿಗೆ ಕಾಯುವುದು ತಪ್ಪುತ್ತಿತ್ತು. ಸಿಗದಿದ್ದರೆ ಕಾರನ್ನು ಹಿರಿಯೂರಿನ ಗುಜರಿಯವನಿಗೆ ಕೊಡುವುದೆಂದು ಇವರು ತೀರ್ಮಾನಿಸಿದ್ದರು. ಕಾಲಿನ ನೋವಿನಿಂದ ಹೊಲದ ಕೆಲಸ ಇವರಿಂದ ಆಗುತ್ತಿರಲಿಲ್ಲ. ಕಾರೂ ಹೋದರೆ ಮುಂದೇನು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಆಫೀಸಿನವರು ಕಾಗದಪತ್ರ ಎಲ್ಲ ಸರಿಯಿರಬೇಕು, ಸೋಮವಾರ ತರಬೇಕು ಎಂದರು. ಇವರು ಇಂಜಿನ್ ಬದಲಾದದ್ದನ್ನು ಆರ್‌ಸಿ ಪುಸ್ತಕದಲ್ಲಿ ಆಗಲೇ ಬರೆಸಿದ್ದರು. ಹೊಸ ಹೊಗೆ ಸರ್ಟಿಫಿಕೇಟ್ ಒಂದು ಬಾಕಿ. ಈ ಸಲ ಚಿತ್ರದುರ್ಗದ ಬಂಕಿನಲ್ಲಿ ಡೀಸೆಲ್ ಮೀಟರ್ ಹಾಕಿ ಆಕ್ಸಿಲರೇಟರ್ ಒತ್ತಿಸಿದರು. ಫೇಲ್. ಪುಸ್ತಕದಲ್ಲಿ ಸುಳ್ಳಿದ್ದಾಗ ಮೊದಲ ದರ್ಜೆಯಲ್ಲಿ ಪಾಸಾದ ಕಾರು, ನಿಜ ಬರೆಸಿದ ಮೇಲೆ ಫೇಲಾದದ್ದು ಯಾವ ನ್ಯಾಯವೋ ನನಗೆ ಇಂದಿಗೂ ಬಗೆಹರಿದಿಲ್ಲ.

ಶನಿವಾರ ಮತ್ತೆ ಹೋದೆವು. ಇವರ ಮುಖ ನೋಡಿ ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಬಾಬು ಸಾಬರು ಬಂಕಿಗೇ ಬಂದಿದ್ದರು. ಗಾಡಿ ಎಳೆಯುವುದಿಲ್ಲ ಎಂದು ಇವರು ದೂರಿದಾಗಲೆಲ್ಲ ಸಾಬರು ಇಂಜಿನ್ನಿನ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಡುತ್ತಾ ಬಂದಿದ್ದರಂತೆ. ಹೆಚ್ಚು ಬಿಟ್ಟಷ್ಟೂ ಹೊಗೆ ಹೆಚ್ಚಾಗಿತ್ತೇ ಹೊರತು ಎಳೆತ ಹೆಚ್ಚಾಗಿರಲಿಲ್ಲ. ಈಗ ಕಡಿಮೆ ಮಾಡಿದರೆ ಕಾರು ದಿಬ್ಬ ಹತ್ತುವುದಿಲ್ಲ. ಸಾಬರು ತಲೆ ಕೆರೆದುಕೊಂಡು ನಿಂತರು. ಆಗ ತಪಾಸಣೆಯವನು, ಗಾಳಿ ಸರಿಯಾಗಿ ಹೋಗುತ್ತಿದೆಯೇ ನೋಡಿದ್ದೀರಾ ಎಂದು ಕೇಳಿದ. ತಾನೇ ಹೊಸ ಫಿಲ್ಟರ್ ಹಾಕಿದ್ದು, ಅದರಲ್ಲಿ ನೋಡುವುದೇನು ಎಂದು ಗೊಣಗುತ್ತಲೇ ಸಾಬರು ಆ ದುಂಡನೆ ಡಬ್ಬಿ ಬಿಚ್ಚಿದರು.

ಒಳಗೆ ಗಾಳಿಯ ಬಾಯಿಗೆ ಅಡ್ಡಲಾಗಿ ಕರಿ ಕಂಬಳಿಯ ತುಂಡೊಂದು ಒತ್ತಿ ಕೂತಿತ್ತು. ದಾರ ಸುತ್ತಿ ಗಂಟು ಕಟ್ಟಿತ್ತು. ಸಾಬರು ಎತ್ತಿದರೆ ಬೆರಳಿಗೆಲ್ಲ ಹಳದಿ. ನಮ್ಮ ಮನೆದೇವರ ಭಂಡಾರ ಅದು. ಕುರಿಹಟ್ಟಿಯಲ್ಲಿ ಮರಿಗಳ ಹಣೆಗೆ ಹಚ್ಚುವ ಅರಿಶಿನದ ಪುಡಿ. ಇವರು ಅಲ್ಲೇ ಚಪ್ಪಲಿ ಬಿಟ್ಟು ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡರು. ಯಾರಿಟ್ಟದ್ದೆಂದು ಕೇಳುವ ಅಗತ್ಯವಿರಲಿಲ್ಲ.

"ಇದನ್ನ ತೆಗೆದ್ರೆ ಪಾಸಾಗ್ತೈತೆ. ತೆಗೀಬೇಕೋ ಬ್ಯಾಡ್ವೋ ನೀವೇ ಹೇಳ್ರಿ, ದೇವರ ವಿಷ್ಯ ನಾನು ಹೇಳಲ್ಲ" ಎಂದರು ಸಾಬರು.

ಇವರು ನನ್ನನ್ನು ನೋಡಿದರು. ಆ ಇಂಜಿನ್ ಹಾಕಿದ ಮೇಲೆ ಇವರಿಗೆ ಒಂದು ಗೀರೂ ಆಗಿರಲಿಲ್ಲ. ಗಂಟು ತೆಗೆದರೆ ಇವರಿಗೇನಾದರೂ ಆದೀತು, ತೆಗೆಯದಿದ್ದರೆ ಕಾರು ಗುಜರಿಗೆ. ನನಗೆ ನಿಜಕ್ಕೂ ಭಯವಾಯಿತು. ಕೊನೆಗೆ ಸೆರಗು ಒಡ್ಡಿ, "ನನ್ನ ಮಡ್ಲಾಗೆ ಹಾಕ್ರಿ. ಗಾಡಿ ಒಳಗೇ ಇರ್ತೈತಲ್ಲ" ಎಂದೆ. ಸಾಬರು ಪಂಪಿನ ಸ್ಕ್ರೂ ಮೊದಲಿನ ಜಾಗಕ್ಕೆ ತಂದರು. ಗಂಟು ಹಿಡಿದು ನಾನು ಹಿಂದಿನ ಸೀಟಿನಲ್ಲಿ ಕೂತೆ. ಕಾರು ಪಾಸಾಯಿತು.

ಹೊಳಲ್ಕೆರೆ ದಾರಿಯಲ್ಲಿ ಕಾರು ಹಾರಿತು ಎನ್ನಬೇಕು. ಇವರು ಖುಷಿಯಲ್ಲಿ ಒತ್ತಿದರು, ಅದೂ ಹೋಯಿತು. ನಾನು ಗಂಟು ಬಿಗಿಹಿಡಿದು ನಿಧಾನ, ನಿಧಾನ ಎನ್ನುತ್ತಲೇ ಊರು ಮುಟ್ಟಿದೆ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಮಡಿಲಿನ ಗಂಟು ನೋಡಿ ಅವರ ಮುಖ ಇಳಿದುಹೋಯಿತು. ಇವರು ಪಕ್ಕದಲ್ಲಿ ಕೂತು ಮೆಲ್ಲಗೆ, "ಅವ್ವ, ಇದನ್ನ ಅಲ್ಲಿ ಇಟ್ರೆ ಇಂಜಿನ್ನಿಗೆ ಉಸಿರು ಕಟ್ತೈತೆ" ಎಂದರು.

"ಗೊತ್ತು ಕಣಪ್ಪ. ಅದಕ್ಕೇ ಇಟ್ಟಿದ್ದು" ಎಂದರು ಅತ್ತೆ. "ಓಡಿಹೋಗೋ ಹೋತದ ಕೊರಳಿಗೆ ಮರದ ತುಂಡು ಕಟ್ತೀವಲ್ಲ, ಹಂಗೆ. ಗಾಡಿ ಜೋರಾಗಿ ಓಡದಿದ್ರೆ ನೀನು ಮನೆಗೆ ಬರ್ತೀಯ."

ಹಾಗಾದರೆ ಭಂಡಾರ ಯಾಕೆ ಕಟ್ಟಿದಿರಿ ಎಂದು ನಾನು ಕೇಳಿದೆ.

"ಕಂಬಳಿ ಒಂದೇ ಸಾಲ್ದಿದ್ರೆ ಅಂತ."

ಇವರು ಗಂಟನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಸ್ಟೀರಿಂಗಿನ ಮುಂದೆ ಇಟ್ಟರು. ಸೋಮವಾರ ಆಫೀಸಿನ ಬಾಡಿಗೆ ಸಿಕ್ಕಿತು, ವರ್ಷಗಟ್ಟಲೆ ಓಡಿಸಿದರು. ಅಂದಿನಿಂದ ಇವರ ಓಟ ಎತ್ತಿನಗಾಡಿಯ ಓಟವೇ ಆಯಿತು. ಅವ್ವನ ಮಾತಿಗೋ, ಕಾಲಿನ ನೋವಿಗೋ, ಡ್ಯಾಶ್‌ಬೋರ್ಡಿನಲ್ಲಿಟ್ಟ ಗಂಟಿನ ಮಹಿಮೆಗೋ, ನನಗೆ ಹೇಳಲು ಬರುವುದಿಲ್ಲ.

ಈಗ ಆ ಕಾರೂ ಇಲ್ಲ, ಅತ್ತೆಯೂ ಇಲ್ಲ. ಗಂಟು ನಮ್ಮ ದೇವರ ಗೂಡಿನಲ್ಲಿದೆ. ಇಷ್ಟು ವರ್ಷ ಈ ಕಥೆ ಹೇಳಿ ನಾನು ನಗುತ್ತಿದ್ದೆ. ಮೊನ್ನೆ ನಮ್ಮ ಮಗ ಕಾಲೇಜಿಗೆ ಹೋಗಲು ಬೈಕ್ ತಂದ. ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅವನ ಪಕ್ಕದಲ್ಲಿ ಬೈಕಿನತ್ತ ಬಗ್ಗಿ ನಿಂತಾಗ ನನ್ನ ಬಾಯಿಂದ ಬಂದ ಮಾತು ಕೇಳಿ ನಮ್ಮ ಯಜಮಾನರು ಒಳಗೆ ಎದ್ದುಹೋದರು.

"ಇದು ಎಲ್ಲಿಂದ ಉಸಿರಾಡ್ತೈತಪ್ಪ?" ಎಂದು ಕೇಳಿದ್ದೆ.