ಬ್ಯಾಂಕಿನವನು ಕೇಳಿದ ಹೆಸರು

ನೋಸಕೇಲೆ ನನ್ನ ಪಕ್ಕದ ಮನೆಯವಳು. ದಕ್ಷಿಣ ಆಫ್ರಿಕಾದ ಈ ಮ್ಡಾಂಟ್ಸಾನೆ ಊರಲ್ಲಿ ನಮ್ಮಿಬ್ಬರಿಗೂ ಒಂದೇ ಗೋಡೆ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಹಂಡೆಗಟ್ಟಲೆ ಜೋಳದ ಗಂಜಿ ಕಾಯಿಸುವ ಹೆಂಗಸು. ಕುದಿಯುವ ಹಂಡೆಗೆ ಹೆದರುವವಳಲ್ಲ, ಹೆಡ್‌ಮೇಷ್ಟ್ರಿಗೂ ಹೆದರುವವಳಲ್ಲ. ಕರೆಂಟ್ ಹೋದರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿದ್ದವು.

ಕಾರಣ ಅವಳ ಮಾವ. ಚಿನ್ನದ ಗಣಿಯ ಧೂಳು ಕುಡಿದು ಕುಡಿದು ಮುದುಕನ ಎದೆ ಕಲ್ಲಾಗಿತ್ತು. ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿದ್ದರೆ ಜೀವ, ನಿಂತರೆ ಪಕ್ಕದ ಪುಟ್ಟ ಸಿಲಿಂಡರೇ ಗತಿ. ಕಳೆದ ಸಲ ಆ ಸಿಲಿಂಡರೂ ಖಾಲಿಯಾಗಿ ಅವರ ತುಟಿ ನೀಲಿಗಟ್ಟಿದ್ದನ್ನು ನಾನೇ ಕಂಡೆ.

ಗಂಡ ವುಯಾನಿ ಮೀನಿನ ಹಡಗಿನಲ್ಲಿ ಅಡುಗೆಯವನು, ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಅವನ ಬ್ಯಾಂಕ್ ಕಾರ್ಡಿನ ಜೋಡಿ ಕಾರ್ಡು ಇವಳ ಕೈಯಲ್ಲಿತ್ತು. ಹಿಟ್ಟು, ಸೋಪು, ಸೀಮೆಎಣ್ಣೆ ಎಲ್ಲವನ್ನೂ ಅದನ್ನೇ ಉಜ್ಜಿ ತರುವಳು. ಉಜ್ಜಿದಷ್ಟೂ ಬ್ಯಾಂಕು ಪಾಯಿಂಟ್ ಕೊಡುತ್ತಿತ್ತು, ಕೂಡಿಟ್ಟರೆ ಅದರಲ್ಲೇ ಸಾಮಾನು ಕೊಳ್ಳಬಹುದು. ಕಾರ್ಡ್ ತಗೊಳ್ಳದ ಅಂಗಡಿಯ ಮೆಟ್ಟಿಲನ್ನೂ ಹತ್ತಳು. "ಒಂದು ಈರುಳ್ಳಿಗೂ ಪಾಯಿಂಟ್ ಬರತ್ತಾ ಮಹಾರಾಣಿ?" ಎಂದು ನಾವು ಆಡಿಕೊಂಡಿದ್ದೇ ಆಡಿಕೊಂಡಿದ್ದು. ಅವಳಿಗೆ ಬೇಕಿದ್ದದ್ದು ಬ್ಯಾಟರಿ ಸಮೇತ ಒಂದು ಇನ್ವರ್ಟರ್. ಕೂಡಿಟ್ಟ ಪಾಯಿಂಟ್ ಅದಕ್ಕೆ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ಬ್ಯಾಂಕು ಈ ಭಾನುವಾರದವರೆಗೆ ಎಲೆಕ್ಟ್ರಾನಿಕ್ ಸಾಮಾನು ಕೊಂಡರೆ ಪ್ರತಿ ಪಾಯಿಂಟಿಗೂ ಒಂದೂವರೆ ಪಟ್ಟು ಬೆಲೆ ಎಂದು ಸಾರಿತು. ಈಗ ಸಾಲುತ್ತಿತ್ತು.

ಭಾನುವಾರ ಮಧ್ಯಾಹ್ನ ನನ್ನನ್ನು ಜೊತೆಗೆ ಕೂರಿಸಿಕೊಂಡು ಫೋನಿನಲ್ಲೇ ಇನ್ವರ್ಟರ್ ಆರಿಸಿದಳು. ಅಷ್ಟು ಪಾಯಿಂಟ್ ಒಟ್ಟಿಗೆ ತೆಗೆದರೆ ಬ್ಯಾಂಕಿನವರು ಕರೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಕರೆ ಬಂತು. ಸ್ಪೀಕರ್ ಹಾಕದಿದ್ದರೆ ಆ ಹಳೆಯ ಫೋನಿನಲ್ಲಿ ಏನೂ ಕೇಳಿಸದು. ಮಾವ ಒಳಕೋಣೆಯಲ್ಲಿ ಮಲಗಿದ್ದರು.

"ಒಂದೇ ಪ್ರಶ್ನೆ ಮೇಡಂ," ಎಂದಿತು ಎಳೆಯ ದನಿ. "ಖಾತೆ ಇರೋದು ನಿಮ್ಮ ಯಜಮಾನ್ರ ಹೆಸರಲ್ಲಿ. ಅವರ ತಂದೆ ಹೆಸರೇನು?"

ನೋಸಕೇಲೆ ಒಳಕೋಣೆಯ ಬಾಗಿಲತ್ತ ತಿರುಗಿ ನೋಡಿದಳು. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಬಾಯಿಗೆ ತರುವಂತಿಲ್ಲ. ಆ ಹೆಸರನ್ನು ಹೋಲುವ ಮಾತನ್ನೂ ಬಿಟ್ಟು ಬೇರೆ ಮಾತು ಹುಡುಕಬೇಕು. ಈಗಿನ ಹುಡುಗಿಯರು ನಗುತ್ತಾರೆ, ಇವಳು ನಗುವವಳಲ್ಲ. ಇವಳ ಸೋದರತ್ತೆ ಒಮ್ಮೆ ಸಿಟ್ಟಿನಲ್ಲಿ ಮಾವನ ಹೆಸರು ಕೂಗಿದ್ದಳಂತೆ, ಆತ ವಾರದೊಳಗೆ ಸತ್ತೇಹೋದನಂತೆ. ಆ ಭಯ ಇವಳ ಮೂಳೆಯಲ್ಲಿತ್ತು.

"ರಡೇಬೆ," ಎಂದಳು.

"ಅದು ಕುಲದ ಹೆಸರು ಮೇಡಂ. ಸ್ವಂತ ಹೆಸರು ಹೇಳಿ."

"ಬಾವೋ ಅಂತೀವಿ. ಅಪ್ಪಾಜಿ ಅಂತ."

"ಎರಡು ಸಲ ತಪ್ಪಾಯ್ತು. ಇನ್ನೊಂದು ತಪ್ಪಾದ್ರೆ ಕಾರ್ಡ್ ಲಾಕ್ ಆಗತ್ತೆ. ಆಮೇಲೆ ಯಜಮಾನ್ರೇ ಬರ್ಬೇಕು."

ನನಗೆ ತಡೆಯಲಾಗಲಿಲ್ಲ. "ಏ ಹುಡುಗ, ನಿನ್ನಮ್ಮ ನಿನ್ನ ತಾತನ ಹೆಸರು ಹೇಳ್ತಾಳೇನೋ? ನಾನು ಹೇಳ್ತೀನಿ ಕೇಳು..."

"ಪಕ್ಕದಲ್ಲಿ ಯಾರೋ ಹೇಳಿಕೊಡ್ತಿದಾರೆ. ಇನ್ನೊಂದು ಸಲ ಆ ದನಿ ಕೇಳಿದ್ರೆ ಕರೆ ಕಟ್ ಮಾಡ್ತೀನಿ."

ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ನೋಸಕೇಲೆ ನನ್ನನ್ನೇ ದಿಟ್ಟಿಸಿದಳು. "ಸಿಸಿ," ಎಂದು ತುಟಿಯಲ್ಲೇ ಉಸುರಿದಳು, "ಹೇಳಿದ್ರೆ ನಾನೇ ಕೊಂದ ಹಾಗೆ. ಹೇಳ್ದಿದ್ರೆ ಕರೆಂಟ್ ಕೊಲ್ಲತ್ತೆ." ಅಕ್ಕ ಎಂದು ಕರೆಸಿಕೊಂಡವಳು ನಾನು, ಅವಳ ಭುಜ ಹಿಡಿದುಕೊಂಡೆ. ಒಳಗಿನ ಯಂತ್ರದ ಸದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು.

"ಮೇಡಂ, ಇದ್ದೀರಾ?"

ಅವಳು ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು, ನೆಲಕ್ಕೆ ಮಂಡಿಯೂರಿ, ಕಣ್ಣು ಮುಚ್ಚಿದಳು.

"ಎಂಬುಯಿಸೆಲೊ," ಎಂದಳು.

"ಸರಿಯಾಗಿದೆ. ಮಂಗಳವಾರ ಮನೆಗೇ ತಂದುಕೊಡ್ತಾರೆ."

ಫೋನು ಸುಮ್ಮನಾಯಿತು. ನೋಸಕೇಲೆ ಎದ್ದು ಒಳಕೋಣೆಗೆ ಓಡಿದಳು. ಬಾಗಿಲಲ್ಲೇ ಕಾಲು ಕಟ್ಟಿದ ಹಾಗೆ ನಿಂತಳು. ಮುದುಕ ಕಣ್ಣು ಮುಚ್ಚಿ ಅಲ್ಲಾಡದೆ ಬಿದ್ದಿದ್ದರು. ದೇವರಾಣೆ, ಆ ಕ್ಷಣ ನಾನೂ ನಂಬಿಬಿಟ್ಟೆ. ಆಮೇಲೆ ಹೊದಿಕೆ ಒಂಚೂರು ಮೇಲೆದ್ದು ಇಳಿಯಿತು.

ಮಂಗಳವಾರ ಇನ್ವರ್ಟರ್ ಬಂತು, ನನ್ನ ಮಗನೇ ಜೋಡಿಸಿಕೊಟ್ಟ. ಸಂಜೆ ಕರೆಂಟ್ ಹೋಯಿತು. ಬೀದಿಯೆಲ್ಲ ಕತ್ತಲು, ಆ ಕೋಣೆಯಲ್ಲಿ ಮಾತ್ರ ಯಂತ್ರ ಗುಂಯ್‌ಗುಡುತ್ತಲೇ ಇತ್ತು. ನಾನು ಸಡಗರದಿಂದ ಚಪ್ಪಾಳೆ ತಟ್ಟುತ್ತಾ ಒಳಗೆ ಹೋದೆ. ನೋಸಕೇಲೆ ಮಾತ್ರ ಹಾಸಿಗೆಯ ಪಕ್ಕ ಚಾಪೆಯ ಮೇಲೆ ಕೂತು, ಮಾವನ ಎದೆಯನ್ನೇ ನೋಡುತ್ತಿದ್ದಳು. ಭಾನುವಾರದಿಂದ ಕಣ್ಣು ಮುಚ್ಚಿರಲಿಲ್ಲ. ಸೋದರತ್ತೆಯ ಮಾವನಿಗೂ ಒಂದು ವಾರ ಹಿಡಿದಿತ್ತಲ್ಲ!

ಮುದುಕ ಒಂದು ಕಣ್ಣು ತೆರೆದರು.

"ಮಕೋಟಿ," ಎಂದರು ಏದುಸಿರಿನಲ್ಲಿ, ಸೊಸೆಯನ್ನು ಕರೆಯುವ ಹಾಗೆ. "ಅವತ್ತು ನಾನು ನಿದ್ದೆ ಮಾಡ್ತಿರಲಿಲ್ಲ."

ಅವಳು ಕೂತಲ್ಲೇ ತಲೆ ಬಾಗಿಸಿದಳು. "ಬಾವೋ, ತವರಿಂದ ಮೇಕೆ ತಂದು ತಪ್ಪು ಕಳ್ಕೋತೀನಿ. ಬೈಯ್ಬೇಡಿ."

"ಯಾವ ಮೇಕೆ? ನಮ್ಮವ್ವ ದಿನಕ್ಕೆ ಹತ್ತು ಸಲ ಆ ಹೆಸರು ಕೂಗ್ತಿದ್ಲು. ಅವಳು ಹೋದ್ಮೇಲೆ ಯಾರೂ ಕರೆದಿಲ್ಲ, ಎಲ್ಲಾ ರಡೇಬೆ ರಡೇಬೆ." ಉಸಿರು ಸಿಗುವವರೆಗೆ ತಡೆದರು. "ಅವತ್ತು ಅವಳೇ ಬಂದ್ಲು ಅನ್ನಿಸ್ತು. ಇನ್ನೊಂದು ಸಲ ಹೇಳು."

ನೋಸಕೇಲೆ ಬಾಯಿ ತೆರೆದಳು. ಅವಳ ಗಂಟಲಿನಿಂದ ಗಾಳಿ ಬಂತು, ಸ್ವರ ಬರಲಿಲ್ಲ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ತಲೆ ಅಲ್ಲಾಡಿಸುತ್ತಾ ಅತ್ತಳು.