ಆಯಿ ಉಪ್ಪು ಹಾಕಿದ ಬೆಳ್ಳಿ

ಮೊನ್ನೆ ಕಾಚಿಗೂಡದ ಸಂದಿಯೊಂದರಲ್ಲಿ ತೇಜಾಬಿನ ವಾಸನೆ ಮೂಗಿಗೆ ಬಡಿಯಿತು. ಬಚ್ಚಲು ತೊಳೆಯುವ ಆಸಿಡ್ಡಲ್ಲ. ಅಕ್ಕಸಾಲಿಗರ ತೇಜಾಬು, ಬೆಳ್ಳಿಗೆ ತಾಗಿದರೆ ಕಂದು ಹೊಗೆ ಎಬ್ಬಿಸಿ ಗಂಟಲು ಕೆರೆಯುವಂಥದ್ದು. ನಿಮಗಾದರೆ ಕೆಮ್ಮು ಬರುತ್ತಿತ್ತು. ನನಗೆ ಅಪ್ಪನ ಅಂಗಿ ನೆನಪಾಯಿತು. ಅಲ್ಲೇ ಹತ್ತಿರ ನಮ್ಮ ಮನೆಯಿತ್ತು, ಈಗ ಲಾಡ್ಜ್ ಆಗಿದೆ.

ಅಪ್ಪ ರಾಯಚೂರ ಕಡೆಯಿಂದ ಬಂದ ಅಕ್ಕಸಾಲಿಗ. ಹಿತ್ತಿಲೇ ಅವನ ಅಂಗಡಿ. ಅಕ್ಕನ ಮದುವೆ ಗೊತ್ತಾದಾಗ ಅವ್ವ ಒಂದು ಹಟ ಹಿಡಿದಳು: ತೀರಿಕೊಂಡ ತನ್ನ ತಾಯಿಯ ಸೀರೆಯ ಬೆಳ್ಳಿ ಜರಿಯಿಂದಲೇ ಅಕ್ಕನ ಕಾಲುಂಗುರ ಆಗಬೇಕು, ಪೇಟೆಯ ಬೆಳ್ಳಿ ಬೇಡ. ಸೀರೆ ಚಿಂದಿಯಾಗಿತ್ತು, ಅಂಚು ಮಾತ್ರ ಉಳಿದಿತ್ತು. ಅಪ್ಪ ಅದನ್ನು ಸುಟ್ಟು, ಉಳಿದ ತಂತಿಯನ್ನು ಗಾಜಿನ ಪಾತ್ರೆಯ ತೇಜಾಬಿನಲ್ಲಿ ಹಾಕಿದ. ಬುಸುಗುಟ್ಟಿ ಹೊಗೆ ಎದ್ದಿತು. ಬೆಳ್ಳಿ ಕರಗಿ ಕಾಣದಾಯಿತು. ಜರಿಯಲ್ಲಿ ಬೆರೆತಿದ್ದ ತಾಮ್ರದಿಂದ ನೀರು ನೀಲಿಯಾಯಿತು. ಅದರಲ್ಲಿ ತಾಮ್ರದ ತಗಡು ಇಳಿಬಿಟ್ಟರೆ ಬೆಳ್ಳಿ ಹಾವಸೆಯಂತೆ ತಗಡಿನ ಮೇಲೆ ಬಂದು ಕೂಡುತ್ತದೆ. ಆ ತಗಡು ತರಲು ಅಪ್ಪ ಪೇಟೆಗೆ ಹೋದ.

ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಬಂದು ಇಣುಕಿ ಹೋದರು. ಮದುವೆಯ ಬೆಳ್ಳಿಗೆ ಕಣ್ಣು ತಾಗಿತೆಂದು ಅಪ್ಪನ ತಾಯಿ, ನಮ್ಮ ಆಯಿ, ಒಂದು ಮುಷ್ಟಿ ಉಪ್ಪು ನಿವಾಳಿಸಿದಳು. ನಿವಾಳಿಸಿದ ಉಪ್ಪನ್ನು ನೀರಿಗೆ ಬಿಡಬೇಕಲ್ಲ, ಎದುರಿಗಿದ್ದ ಅದೇ ಪಾತ್ರೆಗೆ ಸುರಿದಳು. ನಿಂಬೆ ಹಿಂಡಿದ ಹಾಲಿನಂತೆ ಒಡೆದು ತಳಕ್ಕೆಲ್ಲ ಬಿಳಿ ಗಸಿ ಕೂತಿತು. ಬಿಸಿಲಿಗೆ ಅದು ನೇರಳೆಯಾಗಿ ಕಪ್ಪಾಗತೊಡಗಿದಾಗ ಆಯಿ, "ನೋಡು, ಎಂಥಾ ಕೆಟ್ಟ ಕಣ್ಣು ಬಿದ್ದಿತ್ತು. ಈಗ ಹೊರಗ ಬರಾಕತ್ತೈತಿ" ಎಂದಳು. ಅವ್ವ ಹೆಣದ ಮುಂದೆ ಕುಳಿತವಳ ಹಾಗೆ ಪಾತ್ರೆಯ ಮುಂದೆ ಕುಳಿತುಬಿಟ್ಟಳು.

ಅಪ್ಪ ಬಂದು ನೋಡಿದ. ಬೈಯಲಿಲ್ಲ, ಬೈದರೆ ಆಯಿ ಊಟ ಬಿಡುತ್ತಿದ್ದಳು. ಅವ್ವನಿಗೆ, "ಎಲ್ಲೂ ಹೋಗಿಲ್ಲ ತಗೋ. ನಿಮ್ಮವ್ವ ಆ ಗಸಿಯಾಗ ಅದಾಳ" ಎಂದ. ಆಮೇಲೆ ತಾಯಿಯ ಕಡೆ ತಿರುಗಿ, "ಯವ್ವಾ, ನನ್ನ ತಗಡಿನ ಕೆಲಸ ನೀನ ಮಾಡಿಬಿಟ್ಟಿ. ನಾಳಿಂದ ಕುಲುಮಿ ಮುಂದ ನೀನ ಕೂಡು" ಎಂದು ಕಿಚಾಯಿಸಿದ. ನೀಲಿ ನೀರನ್ನು ಬಸಿದು, ಮೋರಿಗೆ ಚೆಲ್ಲುವ ಮೊದಲು ಸುಣ್ಣ ಕಲಸಿ ಅದರ ಉರಿ ಇಳಿಸಿದ. ಗಸಿಯನ್ನು ತೊಳೆದು, ಸೋಡಾ ಬೆರೆಸಿ ಮೂಸೆಯಲ್ಲಿ ಕಾಯಿಸಿದ. ತಳದಲ್ಲಿ ಬೆಳ್ಳಿಯ ಗುಂಡೊಂದು ಹೊಳೆಯಿತು. ಅವ್ವ ಆರುವ ತನಕ ತಡೆಯದೆ ಮುಟ್ಟಿ ಬೆರಳು ಸುಟ್ಟುಕೊಂಡಳು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡೇ ನಕ್ಕಳು.

ಅವರೆಲ್ಲ ಹೋಗಿ ಬಹಳ ಕಾಲವಾಯಿತು. ಹೋದ ವರ್ಷ ಅಕ್ಕನೂ ಹೋದಳು, ಮುತ್ತೈದೆಯಾಗಿಯೇ. ಅವಳ ಸೊಸೆ ಆ ಕಾಲುಂಗುರಗಳನ್ನು ನನ್ನ ಕೈಗಿಟ್ಟು, ಕೂಸಿನ ಗೆಜ್ಜೆಗೆ ಕರಗಿಸಲೇ ಎಂದು ಕೇಳಿದಳು. ಕರಗಿಸು ಎಂದೆ. ಪೆಟ್ಟಿಗೆಯಲ್ಲಿಟ್ಟು ಏನು ಮಾಡುವುದಿದೆ? ಆದರೆ ಸವೆದ ಆ ಉಂಗುರಗಳು ಅಕ್ಕನ ಬೆರಳಿನ ಡೊಂಕಿಗೆ ತಕ್ಕಂತೆ ಡೊಂಕಾಗಿದ್ದವು. ಅವನ್ನು ಸವರುತ್ತ ಸ್ವಲ್ಪ ಹೊತ್ತು ಕುಳಿತೆ. ಆಮೇಲೆ ಕೊಟ್ಟೆ.