ಚೌಕಾಸಿ ಮಾಡದ ಆಂಟಿ

ಪಕ್ಕದ ಫ್ಲ್ಯಾಟಿನ ಆಂಟಿ, ತಾನೇ ಬೆಳೆದ ಸೊಪ್ಪು ಹೊತ್ತು ನಮ್ಮ ಬನಶಂಕರಿಗೆ ಬರುತ್ತಿದ್ದ ಹೆಂಗಸಿನ ಹತ್ತಿರ ಎಂದೂ ಚೌಕಾಸಿ ಮಾಡಿದವರಲ್ಲ. ನಾವು ಮೇಲೊಂದು ಹಿಡಿ ಕೊಸರು ಕೇಳಿದರೆ ಕೆಂಡವಾಗುತ್ತಿದ್ದರು: “ಬೆಳೆದೋಳು ಹೇಳಿದ್ಮೇಲೆ ಮುಗೀತು. ಮಾಲ್‌ನಲ್ಲಿ ಕೊಸರು ಕೇಳ್ತೀರೇನ್ರೀ?”

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಒಂದು ದಿನ ಕಾಲೇಜು ಹುಡುಗಿಯೊಬ್ಬಳು, ಲಿಫ್ಟಿನಲ್ಲಿ ಕಾರ್ಯದರ್ಶಿ ತನ್ನ ಮೈಮೇಲೆ ಕೈಹಾಕಿದನೆಂದು ಎಲ್ಲರೆದುರೇ ಹೇಳಿದಳು. ಆತ ಅಲ್ಲೇ ಕಾಲಮೇಲೆ ಕಾಲು ಹಾಕಿ ಕೂತಿದ್ದ. “ಕೈ ತಗುಲಿರಬೇಕು ಬಿಡಮ್ಮ,” ಎಂದರು ಒಬ್ಬರು. “ಒಂದ್ಸಲ ತಾನೆ?” ಎಂದಿತು ಇನ್ನೊಂದು ನಾಲಿಗೆ.

ಆಂಟಿ ಎದ್ದು ಹುಡುಗಿಯ ಪಕ್ಕ ನಿಂತರು. “ಥೂ! ಸೊಪ್ಪಿನೋಳ ಹತ್ರ ಮಾಡೋ ಹಾಗೆ ಈ ಮಗು ಹತ್ರಾನೂ ಚೌಕಾಸಿನಾ? ಅನುಭವಿಸಿದೋಳು ಹೇಳಿದ್ಮೇಲೆ ಮುಗೀತು. ನಡಿ ಪುಟ್ಟ, ಪೊಲೀಸ್ ಸ್ಟೇಷನ್‌ಗೆ ಹೋಗೋಣ.”